ಸಣ್ಣ ಅಂಗಡಿಗೆ ಯಾವ ಪ್ರಿಂಟರ್: ಲೇಸರೋ, ಇಂಕ್ ಟ್ಯಾಂಕೋ, ಥರ್ಮಲೋ, ಡಾಟ್ ಮ್ಯಾಟ್ರಿಕ್ಸೋ?

ಪ್ರಿಂಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ಕಂಪನಿ ಒಳ್ಳೇದು?’ ಎಂದು. ಆ ಪ್ರಶ್ನೆಯನ್ನು ಕೊನೆಗಿಡಿ. ಮೊದಲು ಗೊತ್ತಾಗಬೇಕಾದದ್ದು ನಿಮ್ಮ ಅಂಗಡಿಯಿಂದ ಹೊರಗೆ ಹೋಗುವ ಕಾಗದ ಯಾವುದು, ತಿಂಗಳಿಗೆ ಎಷ್ಟು ಎಂಬುದು. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ ತೆಗೆದುಕೊಡುವ ಆನ್‌ಲೈನ್ ಸೇವೆಯ ಅಂಗಡಿಗೂ, ದಿನಕ್ಕೆ ಇನ್ನೂರು ಬಿಲ್ ಹರಿಯುವ ಮೆಡಿಕಲ್ ಸ್ಟೋರಿಗೂ, ಮೂರು ಪ್ರತಿಯಲ್ಲಿ ಬಿಲ್ ಬೇಕಾದ ಅಕ್ಕಿ ವ್ಯಾಪಾರಿಗೂ ಒಂದೇ ಯಂತ್ರ ಒಗ್ಗುವುದಿಲ್ಲ. ಒಂದು ವಾರ ಕೌಂಟರಿನಲ್ಲಿ ಒಂದು ಪುಸ್ತಕ ಇಟ್ಟು ಕಪ್ಪು ಪುಟ, ಕಲರ್ ಪುಟ, ಫೋಟೋ, ಲೀಗಲ್ ಹಾಳೆ, ಸ್ಕ್ಯಾನ್ ಎಂದು ಗೀಟು ಹಾಕುತ್ತಾ ಹೋಗಿ. ಹೊಸ ಅಂಗಡಿಯಾದರೆ ಪಕ್ಕದ ಊರಿನ ಅಂತಹದ್ದೇ ಅಂಗಡಿಯವರನ್ನು ಕೇಳಿ. ಈ ಲೆಕ್ಕ ಕೈಯಲ್ಲಿದ್ದರೆ ಮಾರುವವರ ಮಾತು ಅರ್ಧ ಕಡಿಮೆಯಾಗುತ್ತದೆ.

ಬಿಲ್ ಮಾತ್ರ ಬೇಕಾದವರ ಆಯ್ಕೆ ಸುಲಭ, ಅದು ಮುಂದೆ ಬರುತ್ತದೆ. ನಿಜವಾದ ಗೊಂದಲ ಇರುವುದು ಎ4 ಹಾಳೆಯಲ್ಲಿ: ಕಪ್ಪು-ಬಿಳುಪು ಲೇಸರ್ ತಗೊಳ್ಳಬೇಕೋ, ಬಾಟಲಿಯಿಂದ ಶಾಯಿ ತುಂಬುವ ಇಂಕ್ ಟ್ಯಾಂಕ್ ತಗೊಳ್ಳಬೇಕೋ?

ಪುಟದ ಲೆಕ್ಕ

ಡಬ್ಬದ ಮೇಲೆ ಬರೆದ ಪುಟಗಳ ಸಂಖ್ಯೆ ಹಾಳೆಯ ಶೇ 5ರಷ್ಟು ಭಾಗಕ್ಕೆ ಮಾತ್ರ ಶಾಯಿ ಬಿದ್ದರೆ ಸಿಗುವ ಸಂಖ್ಯೆ. ಅಂದರೆ ಅರ್ಧ ಪುಟದ ಒಂದು ಅರ್ಜಿ ಪತ್ರ. ಗೆರೆ ತುಂಬಿದ ಕೋಷ್ಟಕ, ಆಧಾರ್ ಜೆರಾಕ್ಸಿನ ಕಪ್ಪು ಅಂಚು, ಬಣ್ಣದ ಚೌಕಟ್ಟಿನ ಪ್ರಮಾಣಪತ್ರ ಬಂದಾಗ ಅದು ಶೇ 15 ದಾಟುತ್ತದೆ. 2,000 ಪುಟ ಎಂದಿದ್ದ ಟೋನರ್ (ಲೇಸರಿನಲ್ಲಿ ಶಾಯಿಯ ಬದಲು ಇರುವ ಪುಡಿ) ಏಳುನೂರಕ್ಕೇ ಮುಗಿಯುತ್ತದೆ. ಅದಕ್ಕೆ ಕಂಪನಿಯನ್ನು ಬೈದು ಫಲವಿಲ್ಲ.

ಲೆಕ್ಕಕ್ಕೆ ಒಂದು ಅಂದಾಜು ಹಿಡಿಯೋಣ. ನಿಮ್ಮ ಊರಿನ ಬೆಲೆ ಹಾಕಿ ಬದಲಿಸಿಕೊಳ್ಳಿ. ಎಪ್ಸನ್ ಎಲ್3210 ತರಹದ ಟ್ಯಾಂಕ್ ಪ್ರಿಂಟರಿಗೆ 003 ಎಂಬ ಶಾಯಿ ಬಾಟಲಿ ಬರುತ್ತದೆ. 65 ಮಿಲಿಯ ಕಪ್ಪು ಬಾಟಲಿಗೆ ಕಂಪನಿ ಹೇಳುವುದು 4,500 ಪುಟ. ಬಾಟಲಿಗೆ 350 ರೂಪಾಯಿ ಎಂದುಕೊಂಡರೆ ಪುಟಕ್ಕೆ 8 ಪೈಸೆ. ಮೂರು ಬಣ್ಣದ ಬಾಟಲಿ ಸೇರಿ 7,500 ಪುಟ. ಕಪ್ಪೂ ಸೇರಿದರೆ ಕಲರ್ ಪುಟಕ್ಕೆ 22 ಪೈಸೆ. ಇನ್ನು ಎಚ್‌ಪಿ ಲೇಸರ್‌ಜೆಟ್ 1020ರ 12ಎ ಕಾರ್ಟ್ರಿಜ್ ಒರಿಜಿನಲ್ ಆದರೆ 2,000 ಪುಟ. 4,000 ರೂಪಾಯಿ ಹಿಡಿದರೆ ಪುಟಕ್ಕೆ 2 ರೂಪಾಯಿ. ಅದನ್ನೇ 300 ರೂಪಾಯಿಗೆ ರೀಫಿಲ್ ಮಾಡಿಸಿ 1,500 ಪುಟ ಬಂದರೆ 20 ಪೈಸೆ, ಮೂರು ರೀಫಿಲ್‌ಗೊಮ್ಮೆ ಕಾರ್ಟ್ರಿಜ್ಜಿನೊಳಗಿನ ಡ್ರಮ್ಮು (ಅಕ್ಷರ ಮೂಡಿಸುವ ಉರುಳೆ), ಅದನ್ನು ಒರೆಸುವ ಬ್ಲೇಡು ಬದಲಿಸುವ ಖರ್ಚು 7 ಪೈಸೆ, ಒಟ್ಟು 27.

ಹಾಗಾದರೆ ಟ್ಯಾಂಕೇ ಗೆದ್ದಿತಲ್ಲ? ಅವಸರ ಬೇಡ. 500 ಹಾಳೆಯ ರೀಮಿಗೆ 300 ರೂಪಾಯಿ ಎಂದರೂ ಹಾಳೆಯೊಂದಕ್ಕೇ 60 ಪೈಸೆ ಆಗುತ್ತದೆ. ತಿಂಗಳಿಗೆ 2,000 ಪುಟ ತೆಗೆಯುವವರಿಗೆ ಟ್ಯಾಂಕಿಗೂ ರೀಫಿಲ್ ಲೇಸರಿಗೂ ಇರುವ ವ್ಯತ್ಯಾಸ 380 ರೂಪಾಯಿ. ಮೆಕ್ಯಾನಿಕ್ ಒಂದು ಸಲ ಬಂದು ಹೋದರೆ ಆ ಉಳಿತಾಯ ಅಲ್ಲೇ ಕರಗುತ್ತದೆ. ಆದ್ದರಿಂದ ರೀಫಿಲ್ ಮಾಡಿಸುವವರಿಗೆ ಪೈಸೆ ನಿರ್ಣಾಯಕವಲ್ಲ. ಒರಿಜಿನಲ್ ಟೋನರ್ ಬಿಟ್ಟು ಬೇರೇನೂ ಹಾಕುವುದಿಲ್ಲ ಎನ್ನುವವರಿಗೆ ಮಾತ್ರ ಟ್ಯಾಂಕಿನ ಗೆಲುವು ಸ್ಪಷ್ಟ. ನಿರ್ಧಾರ ಆಗಬೇಕಾದದ್ದು ಕರೆಂಟು, ನೀರು, ವೇಗ ಮತ್ತು ಪ್ರಿಂಟರ್ ಎಷ್ಟು ದಿನ ಸುಮ್ಮನೆ ಕೂರುತ್ತದೆ ಎಂಬುದರ ಮೇಲೆ.

ಕರೆಂಟು

ಲೇಸರ್ ಪ್ರಿಂಟರಿನ ಹೊಟ್ಟೆಯಲ್ಲಿ ಫ್ಯೂಸರ್ ಇದೆ; ಟೋನರ್ ಪುಡಿಯನ್ನು ಹಾಳೆಗೆ ಕರಗಿಸಿ ಅಂಟಿಸುವ ಹೀಟರ್ ಅದು. ಬಿಸಿಯಾಗುವ ಕ್ಷಣಕ್ಕೆ ಸಣ್ಣ ಲೇಸರ್ ಕೂಡ 700-800 ವ್ಯಾಟ್ ಎಳೆಯುತ್ತದೆ, ಕೆಲವು ಸಾವಿರ ದಾಟುತ್ತವೆ. ಕಂಪ್ಯೂಟರಿಗೆ ಇಟ್ಟ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಎರಡನ್ನೂ ಒಂದೇ ಕಡೆ ಸಿಕ್ಕಿಸಿದರೆ ಪ್ರಿಂಟ್ ಕೊಟ್ಟ ಕೂಡಲೇ ಯುಪಿಎಸ್ ಕಿರುಚಿ ಕಂಪ್ಯೂಟರೂ ಆರಿಹೋಗುತ್ತದೆ. ಲೇಸರನ್ನು ನೇರ ಗೋಡೆಯ ಸಾಕೆಟ್ಟಿಗೆ, ಅರ್ತಿಂಗ್ ಸರಿಯಿರುವ 16 ಆಂಪಿನ ಪಾಯಿಂಟಿಗೆ ಕೊಡಿ.

ಇಂಕ್ ಟ್ಯಾಂಕಿಗೆ ಪ್ರಿಂಟ್ ಮಾಡುವಾಗಲೂ 12ರಿಂದ 15 ವ್ಯಾಟ್ ಸಾಕು. ಬೇಸಿಗೆಯಲ್ಲಿ ದಿನಕ್ಕೆ ಮೂರು-ನಾಲ್ಕು ಗಂಟೆ ಕರೆಂಟ್ ಹೋಗುವ ಹೋಬಳಿ ಊರಿನಲ್ಲಿ ಇನ್ವರ್ಟರಿನ ಮೇಲೆಯೇ ಅಂಗಡಿ ನಡೆಯಬೇಕೆಂದರೆ ಬೇರೆ ಯೋಚನೆಯೇ ಬೇಡ, ಟ್ಯಾಂಕ್ ತಗೊಳ್ಳಿ. ಅರ್ಜಿ ಹಾಕುವ ಕಡೇ ದಿನವೇ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದೇನಲ್ಲ.

ನೀರು, ಬೆವರು, ಲ್ಯಾಮಿನೇಷನ್

ಲೇಸರಿನ ಅಕ್ಷರ ಪ್ಲಾಸ್ಟಿಕ್ ಪುಡಿ ಕರಗಿ ಕೂತದ್ದು. ಮಳೆಹನಿ ಬಿದ್ದರೂ ಹರಡುವುದಿಲ್ಲ. ಟ್ಯಾಂಕಿನಲ್ಲಿ ಶಾಯಿ ಯಾವುದೆಂದು ನೋಡಬೇಕು. ಡೈ ಶಾಯಿ ನೀರಿನಲ್ಲಿ ಕರಗುವ ಬಣ್ಣ. ಪಿಗ್ಮೆಂಟ್ ಶಾಯಿ ಎಂದರೆ ಸಣ್ಣ ಕಣಗಳು ಕಾಗದದ ಮೇಲೆ ಕೂರುವುದು. ಎಪ್ಸನ್ 003ರಲ್ಲಿ ಕಪ್ಪೂ ಡೈ. ಹೊಲದಿಂದ ಬಂದವರು ಒದ್ದೆ ಕೈಯಲ್ಲಿ ಹಿಡಿದರೆ ಅಕ್ಷರ ನೀಲಿಯಾಗಿ ಹರಡುತ್ತದೆ. ಕ್ಯಾನನ್ ಜಿ2010 ಸರಣಿಯ ಜಿಐ-790, ಎಚ್‌ಪಿ ಸ್ಮಾರ್ಟ್ ಟ್ಯಾಂಕಿನ ಜಿಟಿ53, ಬ್ರದರ್ ಟಿ ಸರಣಿಯ ಬಿಟಿಡಿ60 ಇವುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಬಣ್ಣಗಳು ಡೈ. ಅರ್ಜಿ, ಕರಾರು ಪತ್ರ, ಪ್ರಮಾಣಪತ್ರಗಳೇ ಹೆಚ್ಚೆಂದಾದರೆ ಈ ಕಪ್ಪು ಪಿಗ್ಮೆಂಟಿನವೇ ವಾಸಿ. ಎಪ್ಸನ್‌ನಲ್ಲೇ ಬೇಕೆಂದರೆ ಎಂ1120ರಂತಹ ಬರೀ ಕಪ್ಪಿನ ಟ್ಯಾಂಕುಗಳಿಗೆ ಪಿಗ್ಮೆಂಟ್ ಶಾಯಿಯೇ ಬರುತ್ತದೆ.

ಲ್ಯಾಮಿನೇಷನ್ ಮಾಡಿಕೊಡುವ ಅಂಗಡಿಯವರು ಗಮನಿಸಿ: ಲೇಸರ್ ಹಾಳೆಗೂ, ಚೆನ್ನಾಗಿ ಒಣಗಿದ ಇಂಕ್ ಹಾಳೆಗೂ ತೊಂದರೆಯಿಲ್ಲ. ಬಿಸಿ ತಾಗಿದಲ್ಲಿ ಕಪ್ಪಾಗುವ ಥರ್ಮಲ್ ಕಾಗದದ ಬಿಲ್ ಅಥವಾ ಲೇಬಲನ್ನು ಬಿಸಿ ಲ್ಯಾಮಿನೇಟರಿಗೆ ಕೊಟ್ಟರೆ ಪೂರ್ತಿ ಕಪ್ಪಾಗಿ ಹೊರಬರುತ್ತದೆ. ಗಿರಾಕಿಯ ಒಂದೇ ಒಂದು ರಸೀದಿ ಅದಾಗಿದ್ದರೆ ಉಳಿಸುವ ದಾರಿಯೇ ಇಲ್ಲ.

ವೇಗ

ಎಲ್3210ರ ಡಬ್ಬದ ಮೇಲೆ ನಿಮಿಷಕ್ಕೆ 33 ಪುಟ ಎಂದಿದೆ. ಅದು ಶಾಯಿ ಕಡಿಮೆ ಹಾಕಿ ಬೇಗ ಮುದ್ರಿಸುವ ಡ್ರಾಫ್ಟ್ ಮೋಡಿನ ಮಾತು; ಐಎಸ್‌ಒ ಅಳತೆಯಲ್ಲಿ ಅದೇ ಯಂತ್ರ ಕಪ್ಪು 10, ಕಲರ್ 5. ಡ್ರಾಫ್ಟ್ ಮೋಡಿನಲ್ಲಿ ಕನ್ನಡದ ಒತ್ತಕ್ಷರಗಳು ಮಸುಕಾಗುತ್ತವೆ, ಪ್ರಮಾಣಪತ್ರದ ಕ್ಯೂಆರ್ ಕೋಡ್ ಕೆಲವೊಮ್ಮೆ ಮೊಬೈಲಿಗೆ ಓದಲು ಸಿಗುವುದಿಲ್ಲ. ಗಿರಾಕಿಗೆ ಕೊಡುವ ಹಾಳೆಗೆ ಸ್ಟ್ಯಾಂಡರ್ಡ್ ಮೋಡೇ ಇರಲಿ.

ಲೇಸರಿನಲ್ಲಿ ಕ್ಯಾನನ್ ಎಲ್‌ಬಿಪಿ2900 ನಿಮಿಷಕ್ಕೆ 12, ಎಚ್‌ಪಿ 1020 ನಿಮಿಷಕ್ಕೆ 14 ಪುಟ. ಓದಲು ನಿಧಾನ ಅನ್ನಿಸಬಹುದು, ಆದರೆ ಮೊದಲ ಹಾಳೆ ಹತ್ತು ಸೆಕೆಂಡಿನೊಳಗೆ ಕೈಗೆ ಬರುತ್ತದೆ. ಒಂದೊಂದೇ ಹಾಳೆ ತೆಗೆಸಿಕೊಳ್ಳುವವರು ಸಾಲಾಗಿ ನಿಂತ ಅಂಗಡಿಗೆ ಮುಖ್ಯವಾದದ್ದು ಈ ಮೊದಲ ಹಾಳೆಯ ಸಮಯ. ಬ್ರದರ್ ಎಚ್‌ಎಲ್-ಎಲ್2321ಡಿ ನಿಮಿಷಕ್ಕೆ 30 ತೆಗೆಯುತ್ತದೆ, ಎರಡೂ ಬದಿ ತಾನೇ ಮುದ್ರಿಸುತ್ತದೆ. ಆಡಿಟರ್ ಕಚೇರಿ, ವಕೀಲರ ಕಚೇರಿ, ಟ್ಯೂಷನ್ ಸೆಂಟರಿಗೆ ಈ ಬಗೆಯದೇ ಹೇಳಿಮಾಡಿಸಿದ್ದು. ಕೈಯಿಂದ ಹಾಳೆ ತಿರುವಿ ಹಾಕುವ ಕೆಲಸ ಐವತ್ತು ಪುಟದ ನೋಟ್ಸ್ ಬಂದಾಗ ಬೇಸರ ಹಿಡಿಸುತ್ತದೆ, ಮಧ್ಯೆ ಒಂದು ಹಾಳೆ ಜೋಡಿಯಾಗಿ ಹೋದರೆ ಅಲ್ಲಿಂದಾಚೆ ಎಲ್ಲವೂ ತಪ್ಪು.

ಸುಮ್ಮನೆ ಕೂರುವ ಪ್ರಿಂಟರ್

ಲೇಸರನ್ನು ಮೂರು ತಿಂಗಳು ಮುಟ್ಟದಿದ್ದರೂ ಬಟನ್ ಒತ್ತಿದಾಗ ಹಾಳೆ ಬರುತ್ತದೆ. ಟ್ಯಾಂಕ್ ಹಾಗಲ್ಲ. ಶಾಯಿ ಚಿಮ್ಮಿಸುವ, ಕೂದಲಿಗಿಂತ ಸಣ್ಣ ತೂತುಗಳ ಹೆಡ್ಡಿನಲ್ಲಿ ಶಾಯಿ ಒಣಗಿದರೆ ಅಕ್ಷರದಲ್ಲಿ ಬಿಳಿ ಗೆರೆ ಶುರು. ಗೆರೆ ಕಂಡವರು ಹೆಡ್ ಕ್ಲೀನಿಂಗ್ ಕೊಡುತ್ತಾರೆ. ಪ್ರತಿ ಕ್ಲೀನಿಂಗಿಗೂ ಶಾಯಿ ಹೀರಿ ಕೆಳಗಿನ ವೇಸ್ಟ್ ಇಂಕ್ ಪ್ಯಾಡಿಗೆ ಚೆಲ್ಲಲಾಗುತ್ತದೆ. ಪ್ಯಾಡ್ ತುಂಬಿತೆಂದು ಒಳಗಿನ ಲೆಕ್ಕ ಹೇಳಿದ ದಿನ ಪ್ರಿಂಟರ್ ನಿಂತುಬಿಡುತ್ತದೆ. ಕ್ಯಾನನ್ ಜಿ ಸರಣಿಯ ಹಳೆಯ ಮಾದರಿಗಳಲ್ಲಿ ಕಾಣುವ 5ಬಿ00 ಎರರ್ ಇದೇ. ಪ್ಯಾಡ್ ಬದಲಿಸದೆ ಎಲ್ಲಿಂದಲೋ ಇಳಿಸಿಕೊಂಡ ರೀಸೆಟ್ ಸಾಫ್ಟ್‌ವೇರಿನಿಂದ ಲೆಕ್ಕವನ್ನಷ್ಟೇ ಸೊನ್ನೆ ಮಾಡುವವರಿದ್ದಾರೆ. ಕೆಲವು ತಿಂಗಳಲ್ಲಿ ಶಾಯಿ ಮೇಜಿನ ಮೇಲೆ ಸೋರುತ್ತದೆ, ಆ ಸಾಫ್ಟ್‌ವೇರ್ ಜೊತೆಗೆ ಬಂದ ವೈರಸ್ಸು ಬೇರೆ. ಸ್ವಲ್ಪ ಹೆಚ್ಚು ಬೆಲೆಯ ಟ್ಯಾಂಕ್ ಮಾದರಿಗಳಲ್ಲಿ ಮೇಂಟೆನೆನ್ಸ್ ಬಾಕ್ಸ್ ಎಂಬ ಬಿಡಿ ಡಬ್ಬ ಇರುತ್ತದೆ. ನೀವೇ ಎಳೆದು ಹೊಸದು ಹಾಕಬಹುದು. ತಿಂಗಳಿಗೆ ಎರಡು ಸಾವಿರ ಪುಟ ದಾಟುವವರು ಇದಿರುವ ಮಾದರಿಗೆ ಹೆಚ್ಚು ಕೊಟ್ಟರೆ ನಷ್ಟವಿಲ್ಲ.

ಟ್ಯಾಂಕ್ ತಂದವರು ಪಾಲಿಸಬೇಕಾದದ್ದು ಇಷ್ಟೇ. ವಾರಕ್ಕೊಂದು ಸಲ ನಾಲ್ಕೂ ಬಣ್ಣವಿರುವ ಒಂದು ಹಾಳೆ ತೆಗೆಯಿರಿ. ಪ್ರಿಂಟರಿನ ಬಟನ್ನಿನಿಂದಲೇ ಆಫ್ ಮಾಡಿ, ಆಮೇಲೆ ಗೋಡೆಯ ಸ್ವಿಚ್. ಬಟನ್ ಒತ್ತಿದಾಗ ಹೆಡ್ ಪಕ್ಕಕ್ಕೆ ಸರಿದು ಮುಚ್ಚಳದ ಮೇಲೆ ಕೂರುತ್ತದೆ, ನೇರ ಸ್ವಿಚ್ ತೆಗೆದರೆ ಅದು ನಡುದಾರಿಯಲ್ಲೇ ತೆರೆದಿರುತ್ತದೆ. ಶಾಯಿ ಕೆಳಗಿನ ಗೆರೆಗೆ ಬರುವ ಮೊದಲೇ ತುಂಬಿ, ಇಲ್ಲವಾದರೆ ಕೊಳವೆಗೆ ಗಾಳಿ ಸೇರುತ್ತದೆ. ಗೆರೆ ಬಂದರೆ ನಾಝಲ್ ಚೆಕ್ ನೋಡಿ ಎರಡು-ಮೂರು ಸಲ ಮಾತ್ರ ಕ್ಲೀನಿಂಗ್ ಕೊಡಿ, ಹೋಗದಿದ್ದರೆ ಹನ್ನೆರಡು ಗಂಟೆ ಸುಮ್ಮನೆ ಬಿಟ್ಟು ಮತ್ತೆ ನೋಡಿ. ಕ್ಯಾನನ್, ಎಚ್‌ಪಿ ಟ್ಯಾಂಕುಗಳಲ್ಲಿ ಹೆಡ್ಡನ್ನು ಹೊರತೆಗೆದು ಬೇರೆ ಹಾಕಬಹುದು. ಎಪ್ಸನ್ ಹೆಡ್ ಬಾಳಿಕೆಯದ್ದೇ, ಆದರೆ ಕೆಟ್ಟರೆ ಸರ್ವಿಸ್ ಸೆಂಟರಿಗೇ ಹೋಗಬೇಕು, ಪ್ರಿಂಟರಿನ ಬೆಲೆಯ ದೊಡ್ಡ ಪಾಲೇ ಖರ್ಚಾಗುತ್ತದೆ.

ಹಿಂಬದಿಯಿಂದ ಹಾಳೆ ಹಾಕುವ ಮಾದರಿಗಳಲ್ಲಿ ಟ್ರೇ ಬಾಯಿ ಆಕಾಶಕ್ಕೆ ತೆರೆದಿರುತ್ತದೆ. ಪೆನ್ನಿನ ಮುಚ್ಚಳ, ಗುಂಡುಪಿನ್ನು, ಹಲ್ಲಿ, ಎಲ್ಲವೂ ಅದರೊಳಗೇ ಬೀಳುತ್ತವೆ. ರಾತ್ರಿ ಮುಚ್ಚಿ ಹೋಗುವಾಗ ಒಂದು ಬಟ್ಟೆ ಹೊದಿಸಿ.

ಲೇಸರಿನ ರೀಫಿಲ್ ವಿಚಾರ

ಎಲ್‌ಬಿಪಿ2900, ಎಚ್‌ಪಿ 1020, ಎಂ1005 ಇವು ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ವರ್ಷಗಟ್ಟಲೆ ಓಡಿದ್ದಕ್ಕೆ ಕಾರಣ ಬ್ರ್ಯಾಂಡ್ ಅಲ್ಲ. ಎಚ್‌ಪಿಯ 12ಎ, ಕ್ಯಾನನ್ನಿನ 303 ಒಂದೇ ಜಾತಿಯ ಕಾರ್ಟ್ರಿಜ್, ಅದನ್ನು ಗುರುತಿಸುವ ಚಿಪ್ ಇಲ್ಲ, ಪುಡಿ, ಡ್ರಮ್, ಬ್ಲೇಡ್ ಎಲ್ಲ ಊರಲ್ಲೂ ಸಿಗುತ್ತದೆ. ವೈಫೈ ಇಲ್ಲ, ಎರಡು ಬದಿ ಇಲ್ಲ, 1020 ಮತ್ತು 2900ರಲ್ಲಿ ಸ್ಕ್ಯಾನರೂ ಇಲ್ಲ. ಆದರೂ ಕೆಟ್ಟರೆ ಅದೇ ದಿನ ಸಂಜೆಗೆ ರಿಪೇರಿಯಾಗುತ್ತದೆ. ಸಣ್ಣ ಅಂಗಡಿಗೆ ಇದಕ್ಕಿಂತ ದೊಡ್ಡ ಗುಣ ನಮಗೆ ಕಾಣುವುದಿಲ್ಲ. ಇವನ್ನು ಕೊಳ್ಳುವ ಮುನ್ನ ನಿಮ್ಮ ವಿಂಡೋಸ್ ಆವೃತ್ತಿಗೆ ಡ್ರೈವರ್ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ, ಹಳೆಯ ಮಾದರಿಗಳು.

ಹೊಸ ಸಣ್ಣ ಲೇಸರುಗಳಲ್ಲಿ ಚಿಪ್ ಬಂದಿದೆ. ಎಚ್‌ಪಿ 108ಎ ತರಹದವಕ್ಕೆ ಹಾಕುವ 110ಎ ಕಾರ್ಟ್ರಿಜ್ 1,500 ಪುಟದ್ದು, ರೀಫಿಲ್ ಮಾಡಿದಾಗ ಚಿಪ್ಪನ್ನೂ ಬದಲಿಸಬೇಕು. ಎಚ್‌ಪಿಯ ಡೈನಮಿಕ್ ಸೆಕ್ಯುರಿಟಿ ಇರುವ ಮಾದರಿಗಳಲ್ಲಿ ಅಪ್‌ಡೇಟ್ ಆದ ಬಳಿಕ ಬೇರೆಯವರ ಚಿಪ್ ನಡೆಯದೇ ಹೋಗಬಹುದು. ಹೆಸರಿನ ಕೊನೆಗೆ ‘ಇ’ ಇರುವ ಎಚ್‌ಪಿ ಪ್ಲಸ್ ಮಾದರಿಗಳಂತೂ ಒರಿಜಿನಲ್ ಕಾರ್ಟ್ರಿಜ್ಜನ್ನೂ ಸದಾ ಇಂಟರ್ನೆಟ್ಟನ್ನೂ ಕೇಳುತ್ತವೆ. ರೀಫಿಲ್ ನಂಬಿಕೊಂಡವರು ಅದರ ಹತ್ತಿರ ಹೋಗಬೇಡಿ.

ಬ್ರದರ್‌ನಲ್ಲಿ ಡ್ರಮ್ ಬೇರೆ, ಟೋನರ್ ಬೇರೆ. ಎಲ್2321ಡಿಗೆ ಟಿಎನ್-2365 ಟೋನರ್ 2,600 ಪುಟ, ಡಿಆರ್-2365 ಡ್ರಮ್ 12,000 ಪುಟ. ಹೊಸ ಟೋನರ್ ಅಗ್ಗ ಎಂದು ಹಿಗ್ಗುವ ಮುನ್ನ ಡ್ರಮ್ಮಿನ ಬೆಲೆಯನ್ನೂ 12,000ದಿಂದ ಭಾಗಿಸಿ ಸೇರಿಸಿ.

ರೀಫಿಲ್ ಮಾಡಿಸುವಾಗ ಎದುರಿಗೇ ನಿಂತು ನೋಡಿ. ಹೊಸ ಪುಡಿ ತುಂಬುವ ಮೊದಲು ಡ್ರಮ್ಮಿನ ಹಿಂದಿನ ತೊಟ್ಟಿಯಲ್ಲಿ ಸೇರಿದ ವೇಸ್ಟ್ ಪುಡಿಯನ್ನು ಖಾಲಿ ಮಾಡಬೇಕು. ಅದನ್ನು ಬಿಟ್ಟರೆ ಹಾಳೆಯ ಮೇಲೆ ಕಪ್ಪು ಉದುರುತ್ತದೆ. ಆ ವೇಸ್ಟ್ ಪುಡಿಯನ್ನೇ ಮತ್ತೆ ಒಳಗೆ ಸುರಿಯುವ ಜಾಣರೂ ಉಂಟು. ಆಮೇಲೆ ಬರುವ ತೊಂದರೆಗಳನ್ನು ಹಾಳೆಯೇ ಹೇಳುತ್ತದೆ. ಮೇಲಿಂದ ಕೆಳಗೆ ಒಂದೇ ಕಪ್ಪು ಗೆರೆ ಎಂದರೆ ಡ್ರಮ್ ಗೀರಿದೆ ಅಥವಾ ವೈಪರ್ ಬ್ಲೇಡ್ ಸವೆದಿದೆ. 12ಎಯಲ್ಲಿ ಒಂದೇ ಚುಕ್ಕೆ ಸುಮಾರು 75 ಮಿಮೀಗೊಮ್ಮೆ ಮರುಕಳಿಸಿದರೆ ಡ್ರಮ್ಮಿನ ಮೇಲೇ ಕಲೆಯಿದೆ, ಅದರ ಸುತ್ತಳತೆ ಅಷ್ಟೇ. ಹಾಳೆ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿದರೆ ಪುಡಿ ಸರಿಯಿಲ್ಲ ಇಲ್ಲವೇ ಪುಡಿಯ ಪದರ ಹದವಾಗಿಡುವ ಡಾಕ್ಟರ್ ಬ್ಲೇಡ್ ಹೋಗಿದೆ. ಬೆರಳಲ್ಲಿ ಉಜ್ಜಿದರೆ ಅಕ್ಷರ ಕಿತ್ತು ಬಂದರೆ ಫ್ಯೂಸರ್ ಬಿಸಿಯಾಗುತ್ತಿಲ್ಲ, ಅದರ ಟೆಫ್ಲಾನ್ ಹೊದಿಕೆ ಹರಿದಿದೆ ಅಥವಾ ಹಾಳೆ ತೇವವಾಗಿದೆ.

ಟೆಫ್ಲಾನ್ ಹರಿಯುವುದಕ್ಕೆ ದೊಡ್ಡ ಕಾರಣ ಸ್ಟೇಪ್ಲರ್ ಪಿನ್. ಒಂದು ಬದಿ ಬಳಸಿದ ಹಾಳೆಯ ಹಿಂಬದಿಗೆ ಪ್ರಿಂಟ್ ತೆಗೆದು ಉಳಿಸುವ ಅಭ್ಯಾಸ ಎಲ್ಲೆಡೆ ಇದೆ. ಅದರಲ್ಲಿ ಒಂದು ಪಿನ್ ಉಳಿದರೂ ರಿಪೇರಿ ಬಿಲ್ಲು ಹತ್ತು ರೀಮಿನ ಉಳಿತಾಯವನ್ನು ನುಂಗುತ್ತದೆ.

ಹಾಳೆ

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ-ಮಲೆನಾಡಿನಲ್ಲಿ, ಹಾಳೆ ತೇವ ಹೀರುತ್ತದೆ. ಲೇಸರಿನಲ್ಲಿ ಅದು ಸುರುಳಿಯಾಗಿ ಹೊರಬರುತ್ತದೆ, ಜಾಮ್ ಆಗುತ್ತದೆ, ಅಕ್ಷರ ತೇಪೆ ತೇಪೆಯಾಗಿ ಮಸುಕಾಗುತ್ತದೆ. ರೀಮ್ ಒಡೆದ ಮೇಲೆ ಮೇಣದ ಹೊದಿಕೆಯನ್ನು ಎಸೆಯಬೇಡಿ. ಟ್ರೇಗೆ ಬೇಕಾದಷ್ಟು ತೆಗೆದು ಉಳಿದದ್ದನ್ನು ಸುತ್ತಿ ನೆಲದಿಂದ ಮೇಲಿಡಿ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಹಾಳೆ ಏಕಬದಿಗೆ ಸಾಕು, ಎರಡು ಬದಿಗೆ 75 ಇರಲಿ. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆಯದ್ದಾಗಲಿ, ಜೆಕೆಯದ್ದಾಗಲಿ, ತೂಕ ಸರಿಯಿದ್ದು ಒಣಗಿದ್ದರೆ ಸಾಕು. ಒಂದು ಬ್ರ್ಯಾಂಡಿಗೆ ಅಂಟಿಕೊಂಡರೆ ಪಿಕಪ್ ರೋಲರ್ ತಕರಾರು ಕಡಿಮೆ.

ಲೀಗಲ್ ಹಾಳೆಯಲ್ಲಿ ಒಂದು ಬಲೆ ಇದೆ. ಸಾಫ್ಟ್‌ವೇರಿನಲ್ಲಿ ‘ಲೀಗಲ್’ ಎಂದರೆ ಅಮೆರಿಕದ ಅಳತೆ, ಸುಮಾರು 216×356 ಮಿಮೀ. ನಮ್ಮಲ್ಲಿ ಸಿಗುವುದು ಬಹುಪಾಲು 215×345. ಅಳತೆ ಬದಲಿಸದೆ ಪ್ರಿಂಟ್ ಕೊಟ್ಟರೆ ಕೊನೆಯ ಸಾಲು, ಅಂದರೆ ಸಹಿಯ ಜಾಗ, ಕತ್ತರಿಸಿ ಹೋಗುತ್ತದೆ. ಎಪ್ಸನ್ ಮತ್ತಿತರ ಡ್ರೈವರುಗಳಲ್ಲಿ ‘ಇಂಡಿಯನ್ ಲೀಗಲ್’ ಎಂಬ ಆಯ್ಕೆ ಇದೆ. ಇಲ್ಲದಿದ್ದರೆ ಕಸ್ಟಮ್ ಅಳತೆಯಾಗಿ ಹಾಕಿ ಉಳಿಸಿ. ಸ್ಕ್ಯಾನರ್ ಇರುವ ಯಂತ್ರ ತಗೊಳ್ಳುವಾಗ ಗಾಜು ಎ4ಗಷ್ಟೇ ಇರುತ್ತದೆ ಎಂಬುದೂ ನೆನಪಿರಲಿ. ಲೀಗಲ್ ದಾಖಲೆ ಸ್ಕ್ಯಾನ್ ಹೆಚ್ಚಿದ್ದರೆ ಮೇಲಿನಿಂದ ಹಾಳೆ ಎಳೆದುಕೊಳ್ಳುವ ಎಡಿಎಫ್ ಬೇಕು.

ಬಿಲ್ಲಿಗೆ: ಥರ್ಮಲ್ ಮತ್ತು ಡಾಟ್ ಮ್ಯಾಟ್ರಿಕ್ಸ್

ಕಿರಾಣಿ, ಬೇಕರಿ, ದರ್ಶಿನಿಯ ಟೋಕನ್ನಿಗೆ ಥರ್ಮಲ್ಲೇ ಸರಿ. ಶಾಯಿಯಿಲ್ಲ, ರಿಬ್ಬನ್ ಇಲ್ಲ. 58 ಮಿಮೀ ಮತ್ತು 80 ಮಿಮೀ ಎಂಬ ಎರಡು ಅಗಲ. 58ರಲ್ಲಿ ಮುದ್ರಣವಾಗುವುದು 48 ಮಿಮೀ, ಸಾಲಿಗೆ 384 ಚುಕ್ಕೆ. 80ರಲ್ಲಿ 72 ಮಿಮೀ, 576 ಚುಕ್ಕೆ. ಕನ್ನಡದಲ್ಲಿ ಬಿಲ್ ಕೊಡುವವರು ಕಣ್ಣು ಮುಚ್ಚಿ 80ನ್ನೇ ತಗೊಳ್ಳಿ. ಈ ಯಂತ್ರಗಳ ಒಳಗೆ ಕನ್ನಡ ಫಾಂಟ್ ಸಾಮಾನ್ಯವಾಗಿ ಇರುವುದಿಲ್ಲ; ಬಿಲ್ಲಿಂಗ್ ಸಾಫ್ಟ್‌ವೇರ್ ಸಾಲನ್ನು ಚಿತ್ರವಾಗಿ ಮಾಡಿ ಕಳಿಸಬೇಕು. ಬರೀ ಟೆಕ್ಸ್ಟ್ ಕಳಿಸುವ ಸಾಫ್ಟ್‌ವೇರಾದರೆ ‘ಅಕ್ಕಿ’ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಮಿಲಿಮೀಟರಿಗೆ 8 ಚುಕ್ಕೆ ಎಂದರೆ 8 ಪಾಯಿಂಟಿನ ಅಕ್ಷರಕ್ಕೆ ಸಿಗುವ ಎತ್ತರ 22 ಚುಕ್ಕೆ. ಮೇಲೆ ಗುಣಿತ, ಕೆಳಗೆ ಒತ್ತು ಎರಡೂ ಅದರಲ್ಲೇ ಕೂರಬೇಕು. 10-11 ಪಾಯಿಂಟ್, ದಪ್ಪ ಅಕ್ಷರ ಇಟ್ಟರೆ ಓದಬಹುದು. ಕೊಳ್ಳುವ ಮೊದಲು ನಿಮ್ಮ ಸಾಫ್ಟ್‌ವೇರಿನಿಂದಲೇ ‘ಉದ್ದಿನಬೇಳೆ’, ‘ಕೊಬ್ಬರಿ ಎಣ್ಣೆ’ ಬರುವ ಬಿಲ್ ತೆಗೆಸಿ ನೋಡಿ.

ಥರ್ಮಲ್ ಬಿಲ್ ಬಿಸಿಲಿಗೆ, ಎಣ್ಣೆಗೆ, ಪ್ಲಾಸ್ಟಿಕ್ ಕವರಿಗೆ ಮಾಸುತ್ತದೆ. ಜಿಎಸ್‌ಟಿ ಕಾಯ್ದೆಯಡಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ನಿಮಗೆ ಬಂದ ಖರೀದಿ ಬಿಲ್ ಥರ್ಮಲ್ ಆಗಿದ್ದರೆ ಅದೇ ದಿನ ಜೆರಾಕ್ಸ್ ಅಥವಾ ಸ್ಕ್ಯಾನ್ ಮಾಡಿಡಿ. ಹೋಟೆಲಿನ ಅಡುಗೆ ಮನೆಗೆ ಆರ್ಡರ್ ಚೀಟಿ ಕಳಿಸುವ ಪ್ರಿಂಟರ್ ಬೇಕಿದ್ದರೆ ಒಲೆಯ ಬಿಸಿಗೆ ಥರ್ಮಲ್ ಚೀಟಿ ಕಪ್ಪಾಗುತ್ತದೆ. ಅಲ್ಲಿಗೆ ಎಪ್ಸನ್ ಟಿಎಂ-ಯು220ಯಂತಹ ರಿಬ್ಬನ್ನಿನ ಪ್ರಿಂಟರ್ ವಾಸಿ.

ಸರಕು ಮಾರುವ ಜಿಎಸ್‌ಟಿ ಬಿಲ್ ಮೂರು ಪ್ರತಿಯಲ್ಲಿರಬೇಕು: ಕೊಂಡವರಿಗೆ, ಸಾಗಿಸುವವರಿಗೆ, ಮಾರಿದವರಿಗೆ. ಎಪಿಎಂಸಿ ಮಂಡಿ, ಅಕ್ಕಿ ಗಿರಣಿ, ವೇಬ್ರಿಡ್ಜ್‌ಗಳಲ್ಲಿ ಡಾಟ್ ಮ್ಯಾಟ್ರಿಕ್ಸಿನ ಕಿರ್‌ಕಿರ್ ಇನ್ನೂ ಕೇಳುವುದು ಅದಕ್ಕೇ. ಪಿನ್ನುಗಳು ರಿಬ್ಬನ್ನಿನ ಮೇಲೆ ಹೊಡೆಯುವ ಒಂದೇ ಹೊಡೆತಕ್ಕೆ ಕಾರ್ಬನ್ ಪ್ರತಿಗಳು ಸಿದ್ಧ. 9 ಪಿನ್ನಿನ ಎಪ್ಸನ್ ಎಲ್‌ಎಕ್ಸ್-310 ಮೂಲದ ಜೊತೆ 4 ಪ್ರತಿ, 24 ಪಿನ್ನಿನ ಎಲ್‌ಕ್ಯು-310 ಜೊತೆಗೆ 3 ಪ್ರತಿ ಕೊಡುತ್ತದೆ. ಟಿವಿಎಸ್‌ನ ಎಂಎಸ್‌ಪಿ ಸರಣಿಗೆ ಬಿಡಿಭಾಗ ಸುಲಭ. ಕನ್ನಡದ ಬಿಲ್ಲಾದರೆ 24 ಪಿನ್ ತಗೊಳ್ಳಿ, 9ರಲ್ಲಿ ಒತ್ತಕ್ಷರ ಮುರಿಯುತ್ತದೆ. ಕನ್ನಡ ಇಲ್ಲಿಯೂ ಚಿತ್ರವಾಗಿಯೇ ಹೋಗುವುದರಿಂದ ಇಂಗ್ಲಿಷ್ ಬಿಲ್ಲಿನ ವೇಗವನ್ನು ನಿರೀಕ್ಷಿಸಬೇಡಿ. ದಿನಕ್ಕೆ ಹದಿನೈದು-ಇಪ್ಪತ್ತು ಬಿಲ್ ಮಾತ್ರ ಇದ್ದರೆ ಲೇಸರಿನಲ್ಲೇ ಮೂರು ಹಾಳೆ ತೆಗೆಯುವುದು ಸುಲಭ, ಸದ್ದೂ ಇಲ್ಲ.

ಇಳಕಲ್ ಸೀರೆಯೋ ಉಪ್ಪಿನಕಾಯಿಯೋ ಆನ್‌ಲೈನಿನಲ್ಲಿ ಮಾರಿ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಪಾರ್ಸೆಲ್ ಕಳಿಸುವವರಿಗೆ 4×6 ಇಂಚಿನ ಥರ್ಮಲ್ ಲೇಬಲ್ ಪ್ರಿಂಟರ್ ಸಮಯ ಉಳಿಸುತ್ತದೆ. ಅಂಗಡಿಯ ಕಪಾಟಿನಲ್ಲಿ ವರ್ಷವಿಡೀ ಇರುವ ಬಾರ್‌ಕೋಡ್ ಚೀಟಿಗೆ ಮಾತ್ರ ರಿಬ್ಬನ್ ಹಾಕುವ ಬಗೆ ಬೇಕು, ಟಿಎಸ್‌ಸಿ ಟಿಟಿಪಿ-244 ಪ್ರೊ ತರಹದ್ದು.

ಫೋಟೋ, ಕಾರ್ಡು, ದೊಡ್ಡ ಯಂತ್ರ

ಪಾಸ್‌ಪೋರ್ಟ್ ಫೋಟೋ ದಿನಕ್ಕೆ ನಾಲ್ಕೈದು ಸೆಟ್ ಆದರೆ ನಾಲ್ಕು ಬಣ್ಣದ ಟ್ಯಾಂಕು, ಗ್ಲಾಸಿ ಹಾಳೆ ಸಾಕು. 4×6 ಹಾಳೆಯಲ್ಲಿ 35×45 ಮಿಮೀ ಅಳತೆಯ ಎಂಟು ಫೋಟೋ ಕೂರುತ್ತವೆ. ಅದೇ ಮುಖ್ಯ ಕಸುಬಾದರೆ ಆರು ಬಣ್ಣದ ಎಪ್ಸನ್ ಎಲ್8050ಗೆ ಹೋಗಿ, ಚರ್ಮದ ಬಣ್ಣದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅದರಲ್ಲಿ ಪಿವಿಸಿ ಕಾರ್ಡೂ ಬರುತ್ತದೆ. ಶಾಲೆಯ ಗುರುತಿನ ಚೀಟಿಗೆ ಒಳ್ಳೆಯದು. ಆಧಾರನ್ನು ಹಾಗೆ ಮುದ್ರಿಸಿ ಮಾರುವುದನ್ನು ಆಧಾರ್ ಪ್ರಾಧಿಕಾರ ಒಪ್ಪುವುದಿಲ್ಲ. ಅದರ ಪಿವಿಸಿ ಕಾರ್ಡನ್ನು ಗಿರಾಕಿಯ ಪರವಾಗಿ ಅಧಿಕೃತ ತಾಣದಲ್ಲೇ ಆರ್ಡರ್ ಮಾಡಿಕೊಡಿ.

ಕಲರ್ ಲೇಸರ್ ಸಣ್ಣ ಅಂಗಡಿಗೆ ಬೇಡ. ನಾಲ್ಕು ಟೋನರಿನ ಖರ್ಚು ತೂಗಿಸುವಷ್ಟು ಕೆಲಸ ಬರುವುದಿಲ್ಲ.

ತಿಂಗಳಿಗೆ ಎಂಟು-ಹತ್ತು ಸಾವಿರ ಪುಟ ದಾಟಿದರೆ ಮೇಜಿನ ಮೇಲಿನ ಪ್ರಿಂಟರ್ ಬಿಟ್ಟು ಎ3 ಜೆರಾಕ್ಸ್ ಯಂತ್ರ ನೋಡಿ. ಕ್ಯಾನನ್ ಐಆರ್, ಕ್ಯೋಸೆರಾ, ರಿಕೋ ಇವುಗಳ ಸೆಕೆಂಡ್ ಹ್ಯಾಂಡ್ ಯಂತ್ರಗಳು ಬಹಳ ಸಿಗುತ್ತವೆ. ಮೀಟರ್ ರೀಡಿಂಗ್ ಹಾಳೆಯನ್ನು ನಿಮ್ಮೆದುರೇ ಪ್ರಿಂಟ್ ತೆಗೆಸಿ, ಡ್ರಮ್ ಮತ್ತು ಫ್ಯೂಸರ್ ಯಾವಾಗ ಬದಲಾಯಿತೆಂದು ಕೇಳಿ, ಎ3 ಹಾಳೆಯ ಎರಡೂ ಬದಿ ತೆಗೆದು ನೋಡಿ. ಬಾಡಿಗೆಗೆ ತಗೊಂಡರೆ ಪುಟದ ದರಕ್ಕಿಂತ ತಿಂಗಳ ಕನಿಷ್ಠ ಪುಟದ ಷರತ್ತನ್ನು ಮೊದಲು ಓದಿ. ಪರೀಕ್ಷೆ ಮುಗಿದ ರಜೆಯ ತಿಂಗಳಲ್ಲಿ ಅದೇ ಹೊರೆಯಾಗುತ್ತದೆ.

ಕೊಳ್ಳುವ ದಿನ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐನೂರು ರೂಪಾಯಿ ಕಡಿಮೆ ಸಿಗಬಹುದು. ವಾರಂಟಿ ಮನೆಬಾಗಿಲಿಗೆ ಬರುವುದೋ ನೀವೇ ಹೊತ್ತೊಯ್ಯಬೇಕಾದದ್ದೋ, ನಿಮ್ಮ ಪಿನ್‌ಕೋಡಿಗೆ ಸೇವೆ ಇದೆಯೋ ಇಲ್ಲವೋ ಎಂದು ಮೊದಲು ಕಂಪನಿಗೆ ಫೋನ್ ಮಾಡಿ ಕೇಳಿ. ವಾರಂಟಿ ಹಲವು ಬಾರಿ ‘ಒಂದು ವರ್ಷ ಅಥವಾ ಇಂತಿಷ್ಟು ಪುಟ, ಯಾವುದು ಮೊದಲೋ ಅದು’ ಎಂದಿರುತ್ತದೆ. ಜೆರಾಕ್ಸ್ ಅಂಗಡಿಗೆ ಪುಟವೇ ಮೊದಲು ಮುಗಿಯುವುದು. ಜಿಎಸ್‌ಟಿ ನೋಂದಣಿ ಇದ್ದರೆ ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಿ ಬಿಲ್ ಪಡೆಯಿರಿ, ಶೇ 18 ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಸಿಗದು.

ಮೊಬೈಲಿನಿಂದ ಪ್ರಿಂಟ್ ಬೇಕೆಂದು ವೈಫೈ ಮಾದರಿ ತಗೊಳ್ಳುವವರು ಗಮನಿಸಿ: ಅಗ್ಗದ ಹಲವು ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ರೂಟರ್ 5ರಲ್ಲೇ ಇದ್ದರೆ ಪ್ರಿಂಟರಿಗೆ ನೆಟ್‌ವರ್ಕೇ ಕಾಣುವುದಿಲ್ಲ, ತಪ್ಪು ಪ್ರಿಂಟರಿನದೆಂದು ವಾಪಸ್ ಕೊಡಲು ಹೊರಡುತ್ತಾರೆ.

ಅಂಗಡಿಗೆ ಹೋಗುವಾಗ ಪೆನ್ ಡ್ರೈವಿನಲ್ಲಿ ನಿಮ್ಮದೇ ಪಿಡಿಎಫ್‌ಗಳನ್ನು ಒಯ್ಯಿರಿ: ಒಂದು ಪಹಣಿ, ಕ್ಯೂಆರ್ ಇರುವ ಒಂದು ಪ್ರಮಾಣಪತ್ರ, 8 ಪಾಯಿಂಟಿನ ಕನ್ನಡ ಪುಟ, ಲೀಗಲ್ ಅಳತೆಯ ಕರಾರು. ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಸ್ಟ್ಯಾಂಡರ್ಡ್ ಮೋಡಿನಲ್ಲೇ ತೆಗೆಸಿ. ಕ್ಯೂಆರನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನೋಡಿ, ಲೀಗಲ್ ಹಾಳೆಯ ಕೊನೆಯ ಸಾಲು ಉಳಿದಿದೆಯೇ ನೋಡಿ. ಎರಡು ನಿಮಿಷ ಬಿಟ್ಟು ಒದ್ದೆ ಬೆರಳಿನಿಂದ ಅಕ್ಷರದ ಮೇಲೆ ಒಂದು ಗೀಟು ಎಳೆಯಿರಿ. ದುಡ್ಡು ಕೊಡುವ ಮೊದಲು ಅದೇ ಕೌಂಟರಿನಲ್ಲಿ ಎರಡನೇ ಬಾಟಲಿ ಶಾಯಿ ಅಥವಾ ಎರಡನೇ ಟೋನರ್ ಇದೆಯೇ, ಎಷ್ಟು ಬೆಲೆ ಎಂದು ಕೇಳಿ. ‘ತರಿಸಿಕೊಡುತ್ತೇವೆ’ ಎಂಬ ಉತ್ತರ ಬಂದರೆ ಬೇರೆ ಮಾದರಿ ನೋಡಿ.